ಮೂರು ತಾಸಿನ ಭತ್ಯೆ

ನಮ್ಮ ಊರಿನಲ್ಲಿ ಶಾಸಕರಿಗೆ ಸಂಬಳವೆಂದು ದುಡ್ಡು ಕೊಡುವುದಿಲ್ಲ, ಹಗಲು ಕೊಡುತ್ತೇವೆ. ತಿಂಗಳ ಮೊದಲನೆಯ ದಿನ ಹಗಲು ಕಚೇರಿಯಿಂದ ಒಂಬತ್ತು ಚೀಟಿಗಳು ಹೊರಡುತ್ತವೆ. ಒಂಬತ್ತು ಶಾಸಕರೂ ತಮ್ಮ ತಮ್ಮ ಚೀಟಿಯನ್ನು ಬಾಗಿಲ ಮೇಲೆ ಅಂಟಿಸಿಕೊಳ್ಳುತ್ತಾರೆ. ಆ ತಿಂಗಳೆಲ್ಲ ಊರಿನ ಹಗಲು ಅಷ್ಟು ಹೊತ್ತು ಮುಂಚೆ ಮುಗಿದು, ಶಾಸಕರು ಇರುವ ಬೀದಿಯಲ್ಲಿ ಅಷ್ಟು ಹೊತ್ತು ಹೆಚ್ಚಿಗೆ ನಿಲ್ಲುತ್ತದೆ. ಒಬ್ಬೊಬ್ಬರಿಗೆ ಐದು ನಿಮಿಷ, ಎಲ್ಲ ಸೇರಿ ಮುಕ್ಕಾಲು ತಾಸು. ಒಂಬತ್ತು ಮನೆಗಳೂ ಒಂದೇ ಸಾಲಿನಲ್ಲಿವೆ, ಬಿಸಿಲಿಗೆ ಕಂಪೌಂಡು ಗೋಡೆ ತಿಳಿಯುವುದಿಲ್ಲ, ಹಾಗಾಗಿ ಮುಕ್ಕಾಲು ತಾಸೂ ಇಡೀ ಸಾಲಿನ ಮೇಲೆಯೇ ಬೀಳುತ್ತದೆ. ಅಕ್ಕಪಕ್ಕದ ಊರುಗಳಲ್ಲಿ ಆರೂವರೆಗೆ ಹೊತ್ತು ಮುಳುಗಿದರೆ ನಮ್ಮಲ್ಲಿ ಐದೂಮುಕ್ಕಾಲಿಗೆ. ಊರು ದೀಪ ಹಚ್ಚುವ ವೇಳೆಗೆ ಶಾಸಕರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಇಳಿಬಿಸಿಲಿಗೆ ಮುಖವೊಡ್ಡಿ ಚುರುಮುರಿ ತಿನ್ನುತ್ತಾ ಕೂತಿರುತ್ತಾರೆ. ದಾರಿಯಲ್ಲಿ ಹೋಗುವವರು ಕತ್ತಲಲ್ಲಿ ನಿಂತು ಅದನ್ನು ನೋಡಿ, ಕೈಮುಗಿದು, ಮುಂದೆ ಹೋಗುತ್ತಾರೆ. ನಾವು ಹುಟ್ಟುವ ಮೊದಲಿನಿಂದಲೂ ಇದು ಹೀಗೆಯೇ ಇದ್ದುದರಿಂದ ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ.

ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದೆ. ನ್ಯಾಯಾಧೀಶರ ಪೀಠದ ಕೆಳಗೆ ಒಂದು ಮೇಜು ಹಾಕಿಕೊಂಡು ಕೂರುವುದು, ಪ್ರಕರಣ ಕೂಗಿಸುವುದು, ವಕೀಲರು ಆಡಿದ ಮಾತನ್ನು ಬರೆದಿಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ. ಕೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ನಾನೂ ಅಭಿಪ್ರಾಯ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದೆ. ಆ ಹುದ್ದೆಯನ್ನು ವರ್ಷಕ್ಕೊಮ್ಮೆ ಮುಂದುವರಿಸುವುದು ಶಾಸನಸಭೆಯ ಕೈಯಲ್ಲಿದ್ದುದರಿಂದ ಹಾಗಿರುವುದೇ ಆರೋಗ್ಯಕ್ಕೆ ಒಳ್ಳೆಯದಿತ್ತು.

ನನ್ನ ಅಕ್ಕ ನೀಲವ್ವ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳದು ರಫು ಮಾಡುವ ಕಸುಬು. ಇಲಿ ಕಡಿದ ಶಾಲು, ಕೆಂಡ ಸಿಡಿದ ಸೀರೆ, ಮೊಳೆಗೆ ಸಿಕ್ಕಿ ಹರಿದ ಕೋಟು, ಏನೇ ತಂದುಕೊಟ್ಟರೂ ಎಳೆಗೆ ಎಳೆ ಸೇರಿಸಿ, ತೂತು ಎಲ್ಲಿತ್ತೆಂದು ಬಟ್ಟೆಯ ಯಜಮಾನನೇ ಹುಡುಕುವ ಹಾಗೆ ಮಾಡಿಕೊಡುತ್ತಿದ್ದಳು. ಹೊಲಿಯುವುದು ಯಾರಿಗಾದರೂ ಬಂದೀತು, ಬಣ್ಣ ಕೂಡಿಸುವುದೇ ಕಷ್ಟ ಎನ್ನುತ್ತಿದ್ದಳು. ನಡುಹಗಲಿನ ಬಿಸಿಲು ಎಲ್ಲ ಬಣ್ಣವನ್ನೂ ತಿಂದು ಬೆಳ್ಳಗೆ ಮಾಡಿ ತೋರಿಸುತ್ತದೆ, ದೀಪ ಎಲ್ಲ ಬಣ್ಣವನ್ನೂ ಹಳದಿ ಮಾಡುತ್ತದೆ. ಮೂರೂವರೆಯಿಂದ ಹೊತ್ತು ಮುಳುಗುವವರೆಗಿನ ಬೆಳಕಿನಲ್ಲಿ ಮಾತ್ರ ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಕಾಣುತ್ತವೆ. ಆ ಎರಡು ತಾಸಿನಲ್ಲಿ ಅವಳು ಎಳೆ ಆರಿಸಿ ಇಟ್ಟುಕೊಂಡರೆ ಉಳಿದ ಕೆಲಸ ಯಾವಾಗ ಬೇಕಾದರೂ ನಡೆಯುತ್ತಿತ್ತು. ಆ ಎರಡು ತಾಸಿನಲ್ಲಿ ಮನೆಗೆ ಯಾರು ಹೋದರೂ, ನಾನು ಹೋದರೂ, ಅವಳು ತಲೆ ಎತ್ತುತ್ತಿರಲಿಲ್ಲ.

ನಮ್ಮ ಊರು ಕಟ್ಟಿದ ಹಿರಿಯರು ಒಂದು ಜಾಣತನ ಮಾಡಿಟ್ಟಿದ್ದಾರೆ. ಹಗಲು ಕಚೇರಿಯ ಅಧಿಕಾರಿಯನ್ನು ಶಾಸನಸಭೆ ನೇಮಿಸುವುದಿಲ್ಲ. ಕುಂಬಾರರು, ನೇಕಾರರು, ಹಪ್ಪಳದವರು, ಗೌಂಡಿಗಳು ಹೀಗೆ ಬೆಳಕು ನಂಬಿ ಬದುಕುವವರ ಹೆಸರನ್ನೆಲ್ಲ ಒಂದು ಕೊಡದಲ್ಲಿ ಹಾಕಿ ವರ್ಷಕ್ಕೊಮ್ಮೆ ಒಬ್ಬರ ಹೆಸರು ಎತ್ತುತ್ತಾರೆ. ಎತ್ತಿದವರು ತಿಂಗಳಿಗೊಂದು ದಿನ ಕಚೇರಿಗೆ ಹೋಗಿ, ಒಂಬತ್ತು ಚೀಟಿಗೆ ಸಹಿ ಹಾಕಿ, ಕೊಟ್ಟ ಚಹಾ ಕುಡಿದು ಬರುತ್ತಾರೆ. ಆ ವರ್ಷ ನೀಲವ್ವನ ಹೆಸರು ಬಂತು. ಒಂಬತ್ತು ತಿಂಗಳು ಅವಳೂ ಸಹಿ ಹಾಕಿ ಚಹಾ ಕುಡಿದು ಬಂದಳು.

ಹತ್ತನೆಯ ತಿಂಗಳು ಶಾಸನಸಭೆ ಸೇರಿತು. ಅಂದಿನ ಪಟ್ಟಿಯಲ್ಲಿ ಎರಡು ವಿಷಯಗಳಿದ್ದವು. ಸೋರುವ ನೀರಿನ ಟಾಕಿಯ ರಿಪೇರಿ ಮೊದಲನೆಯದು, ಅದನ್ನು ಸಮಯದ ಅಭಾವದಿಂದ ಹದಿನಾಲ್ಕನೆಯ ಸಲ ಮುಂದೂಡಲಾಯಿತು. ಎರಡನೆಯದು ಶಾಸಕರ ಐದು ನಿಮಿಷವನ್ನು ಇಪ್ಪತ್ತು ನಿಮಿಷಕ್ಕೆ ಏರಿಸುವುದು, ಅದಕ್ಕೆ ಸಮಯ ಸಿಕ್ಕಿತು. ಸಭಾಪತಿ ವೀರಸಂಗಪ್ಪನವರು ಜನರ ಚಿಂತೆಯಲ್ಲಿ ಶಾಸಕರು ಎಷ್ಟು ಸವೆದಿದ್ದಾರೆಂದು ಗದ್ಗದಿತರಾಗಿ ಹೇಳಿದರು, ಒಂಬತ್ತು ಕೈಗಳು ಮೇಲೆದ್ದವು, ಹನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಆದರೆ ಊರಿನ ಸಂವಿಧಾನದ ಆರನೆಯ ಕಲಮು ಒಂದು ಅಡ್ಡಿಯಾಗಿತ್ತು. ಶಾಸಕರ ಸಂಬಳಕ್ಕೆಂದು ಊರಿನ ಹಗಲಿನಿಂದ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ತೆಗೆಯಬಾರದು, ಕೂತಿರುವ ಸಭೆ ತನ್ನ ಸಂಬಳವನ್ನು ತಾನೇ ಏರಿಸಿಕೊಳ್ಳಬಾರದು ಎಂದು ಅದು ಹೇಳುತ್ತದೆ. ಒಂಬತ್ತು ಮಂದಿಗೆ ಇಪ್ಪತ್ತು ನಿಮಿಷವೆಂದರೆ ಮೂರು ತಾಸು. ವೀರಸಂಗಪ್ಪನವರು ಇದಕ್ಕೂ ಮದ್ದು ಕಂಡುಹಿಡಿದಿದ್ದರು. ಹೊಸದಾಗಿ ಕೊಡುವುದು ಸಂಬಳವೇ ಅಲ್ಲ, ಅದು ಸೇವಾ ಭತ್ಯೆ ಎಂದು ಠರಾವಿನಲ್ಲಿ ಬರೆಸಿದರು.

ನೀಲವ್ವ ಠರಾವನ್ನು ಓದಿ, ಮಡಚಿ, ಸಹಿ ಹಾಕದೆ ವಾಪಸು ಕಳಿಸಿದಳು. ವಿಷಯ ನನ್ನ ಕಿವಿಗೂ ಬಿತ್ತು. ನನ್ನ ಹುದ್ದೆ ಮುಂದುವರಿಸುವ ಕಡತ ಆಗ ಶಾಸನಸಭೆಯ ಮೇಜಿನ ಮೇಲೇ ಇತ್ತು. ಸಂಜೆ ಅವಳ ಮನೆಗೆ ಓಡಿ, ಕತ್ತಲಾಗುವವರೆಗೆ ಹೊರಗೆ ಕಾದು, ಅವಳು ತಲೆ ಎತ್ತಿದ ಮೇಲೆ ಒಳಗೆ ಹೋಗಿ, ದೊಡ್ಡವರ ತಂಟೆ ನಮಗೇಕೆ, ಹಿಂದಿನವರೆಲ್ಲ ಕಣ್ಣು ಮುಚ್ಚಿ ಸಹಿ ಹಾಕಲಿಲ್ಲವೇ, ನನ್ನ ನೌಕರಿಯ ಗತಿ ಏನು ಎಂದೆಲ್ಲ ಬಡಬಡಿಸಿದೆ.

"ಆರನೇ ಕಲಮು ನಾಕು ಸಲ ಓದೀನಿ ತಮ್ಮಾ," ಅಂದಳು. "ಒಂದು ತಾಸು ಅಂದ್ರ ಒಂದು ತಾಸು. ಅವರು ಅದಕ್ಕ ಏನರೆ ಹೆಸರಿಡ್ಲಿ, ಕತ್ತಲಾಗೂದು ನನ್ನ ಮನ್ಯಾಗ. ನಿನ್ನ ನೌಕರಿ ಬೆಳಕಿದ್ರೂ ನಡೀತದ, ಕತ್ತಲಿದ್ರೂ ನಡೀತದ. ನಂದು ಹಂಗಲ್ಲ."

ಹೀಗಾಗಿ ಶಾಸನಸಭೆ ಕೋರ್ಟಿಗೆ ಬಂತು. ಊರಿಗೆ ಕಾನೂನು ಮಾಡಿಕೊಡುವ ಒಂಬತ್ತು ಜನ, ರಫು ಮಾಡುವ ಒಬ್ಬ ಹೆಂಗಸಿನ ಮೇಲೆ ದಾವೆ ಹೂಡಿದರು. ನಿಯಮದ ಪ್ರಕಾರ ನಾನೇ ನನ್ನ ಅಕ್ಕನ ಹೆಸರನ್ನು ಮೂರು ಸಲ ಕೂಗಬೇಕಾಯಿತು. ಮೊದಲನೆಯ ಸಲಕ್ಕೇ ಅವಳು ಎದ್ದು ನಿಂತಿದ್ದರೂ ಉಳಿದ ಎರಡು ಸಲವನ್ನೂ ಕೂಗಿದೆ. ಅವಳು ವಕೀಲರನ್ನು ಇಟ್ಟುಕೊಂಡಿರಲಿಲ್ಲ. ಸಭೆಯ ಪರವಾಗಿ ತಿರುಮಲಾಚಾರ್ಯರು ಬಂದಿದ್ದರು. ಅವರು ಬಾಯಿ ತೆರೆದರೆ ಗಡಿಯಾರದ ಮುಳ್ಳಿಗೂ ನಿದ್ದೆ ಬರುತ್ತಿತ್ತು.

ಮೊದಲನೆಯ ದಿನವೇ ನ್ಯಾಯಾಧೀಶರು ಒಂದು ಮಧ್ಯಂತರ ಆದೇಶ ಕೊಟ್ಟರು. ತೀರ್ಪು ಬರುವವರೆಗೆ ಶಾಸಕರಿಗೆ ತುಂಬಿಕೊಡಲಾಗದ ನಷ್ಟ ಆಗಬಾರದು, ಆದಕಾರಣ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷದಂತೆ ಚೀಟಿ ಬರೆದುಕೊಡತಕ್ಕದ್ದು. ಊರಿಗೆ ಆಗುವ ನಷ್ಟ ತುಂಬಿಕೊಡಬಹುದಾದದ್ದೇ ಎಂದು ಯಾರೂ ಕೇಳಲಿಲ್ಲ. ಆದೇಶ ಮೀರಿದರೆ ಸೆರೆಮನೆ. ನೀಲವ್ವ ತುಟಿ ಬಿಗಿದು ಒಂಬತ್ತು ಚೀಟಿಗೂ ಸಹಿ ಹಾಕಿದಳು, ಮರುದಿನದಿಂದ ನಮ್ಮ ಊರಿನಲ್ಲಿ ಮೂರೂವರೆಗೆ ಕತ್ತಲಾಗತೊಡಗಿತು.

ಈಗ ನಮ್ಮ ಕೋರ್ಟಿನ ಒಂದು ನಿಯಮ ಹೇಳಬೇಕು. ಅಲ್ಲಿ ದೀಪ ಹಚ್ಚುವ ಹಾಗಿಲ್ಲ. ಸೂರ್ಯನ ಬೆಳಕಿನಲ್ಲಿ ಕೇಳಿದ್ದು, ಸೂರ್ಯನ ಬೆಳಕಿನಲ್ಲಿ ಬರೆದದ್ದು, ಸೂರ್ಯನ ಬೆಳಕಿನಲ್ಲಿ ಓದಿದ್ದು ಮಾತ್ರ ನ್ಯಾಯ. ಬೆಳಿಗ್ಗೆ ಸಣ್ಣಪುಟ್ಟ ಪ್ರಕರಣಗಳು, ಊಟವಾದ ಮೇಲೆ ಎರಡು ಗಂಟೆಗೆ ದೊಡ್ಡದು. ತಿರುಮಲಾಚಾರ್ಯರು ಎರಡಕ್ಕೆ ಎದ್ದು ನಿಂತರೆ, ಭತ್ಯೆ ಎಂಬುದು ಸಂಬಳದ ಮಗನಲ್ಲ, ತಮ್ಮನಲ್ಲ, ದೂರದ ಸಂಬಂಧಿಯೂ ಅಲ್ಲ ಎಂದು ವಿವರಿಸುತ್ತಾ ವಿವರಿಸುತ್ತಾ ಮೂರೂವರೆ ಮಾಡಿಬಿಡುತ್ತಿದ್ದರು. "ಈಗ ಪ್ರತಿವಾದಿ ಮಾತಾಡಬಹುದು" ಎಂದು ಅವರು ಕೂರುವುದಕ್ಕೂ ಜವಾನ ಕಿಟಕಿ ಮುಚ್ಚುವುದಕ್ಕೂ ಸರಿಹೋಗುತ್ತಿತ್ತು. ಹದಿನಾಲ್ಕು ಸಲ ಹೀಗೆಯೇ ಆಯಿತು. ಸಭೆಗೆ ಗೆಲ್ಲಬೇಕೆಂಬ ಅವಸರವೇನೂ ಇಲ್ಲ, ಪ್ರಕರಣ ಮುಗಿಯದಿದ್ದರೆ ಸಾಕು ಎಂಬುದು ನನಗೆ ಐದನೆಯ ದಿನ ಹೊಳೆಯಿತು. ನೀಲವ್ವನಿಗೆ ಎರಡನೆಯ ದಿನವೇ ಹೊಳೆದಿತ್ತಂತೆ.

ಊರು ಹೊಂದಿಕೊಂಡಿತು. ನಮ್ಮ ಊರಿನವರಿಗೆ ಹೊಂದಿಕೊಳ್ಳುವುದೊಂದು ಚಟ. ಶಾಲೆ ಬೆಳಿಗ್ಗೆ ಆರಕ್ಕೆ ಶುರುವಾಯಿತು, ದನಗಳು ಮೂರಕ್ಕೇ ಮನೆಗೆ ಬಂದವು, ಕ್ಷೌರದವನು ಮಧ್ಯಾಹ್ನದ ಊಟದ ನಂತರ ಗಡ್ಡಕ್ಕೆ ಕತ್ತಿ ಹಾಕುವುದಿಲ್ಲವೆಂದು ಬೋರ್ಡು ಬರೆಸಿದ. ಹೆಣ್ಣು ನೋಡುವ ಶಾಸ್ತ್ರ ಸಂಜೆಯಿಂದ ಬೆಳಿಗ್ಗೆಗೆ ಹೋಯಿತು, ಏಕೆಂದರೆ ದೀಪದಲ್ಲಿ ನೋಡಿ ಒಪ್ಪಿದ ಎರಡು ಸಂಬಂಧಗಳಲ್ಲಿ ತಕರಾರು ಬಂದಿತ್ತು, ಒಂದರಲ್ಲಿ ಹುಡುಗಿಯ ಕಡೆಯಿಂದ. ವೀರಸಂಗಪ್ಪನವರ ಭಾವಮೈದುನ ಶಾಸಕರ ಸಾಲಿನಲ್ಲಿ ಬೆಂಚು ಹಾಕಿಸಿ, ಮೂರೂವರೆಯಿಂದ ಆರೂವರೆಯವರೆಗೆ ಬೆಳಕಿನಲ್ಲಿ ಕೂತು ಕೆಲಸ ಮಾಡುವವರಿಂದ ಬಾಡಿಗೆ ವಸೂಲಿ ಮಾಡತೊಡಗಿದ. ಟೇಲರುಗಳು, ಅಕ್ಕಸಾಲಿಗರು ಗೊಣಗುತ್ತಾ ಹೋಗಿ ಕೂತರು. ನಾನು ನೀಲವ್ವನಿಗೆ ಆ ಬಾಡಿಗೆ ನಾನೇ ಕೊಡುತ್ತೇನೆ, ಹೋಗಿ ಕೂರು ಎಂದೆ. ನನ್ನ ಮನೆಯ ಬೆಳಕನ್ನೇ ಬಾಡಿಗೆಗೆ ಹಿಡಿಯಲೇನು ಎಂದು ಅವಳು ನನ್ನ ಮುಖ ನೋಡಿದಳು. ಮತ್ತೆ ಆ ಮಾತು ಎತ್ತುವ ಧೈರ್ಯ ನನಗೆ ಬರಲಿಲ್ಲ.

ಆ ತಿಂಗಳ ಕೊನೆಗೆ ಒಬ್ಬ ಮುದುಕಿ ತೀರಿಕೊಂಡ ಗಂಡನ ಶಾಲು ತಂದಳು. ಗಾಢ ಹಸಿರಿನದು, ಇಲಿ ಕಡಿದಿತ್ತು. ವರ್ಷಾಂತಿಕಕ್ಕೆ ಮಗ ಅದನ್ನು ಹೊದೆಯಬೇಕಂತೆ, ನಾಲ್ಕೇ ದಿನ ಉಳಿದಿತ್ತು. ನೀಲವ್ವ ಬೇರೆ ದಾರಿ ಕಾಣದೆ ದೀಪದ ಮುಂದೆ ಎಳೆ ಆರಿಸಿದಳು. ಬೆಳಿಗ್ಗೆ ನೋಡಿದರೆ ಹಸಿರು ಶಾಲಿನ ನಡುವೆ ಕಪ್ಪು ಕಲೆ, ಗಾಯ ಒಣಗಿ ಹಕ್ಕಳೆ ಕಟ್ಟಿದ ಹಾಗೆ. ಬಿಚ್ಚಿ ಮತ್ತೆ ಮಾಡಲು ಹೊತ್ತಿರಲಿಲ್ಲ. ಮುದುಕಿ ಆ ಕಲೆ ಒಳಗೆ ಬರುವ ಹಾಗೆ ಶಾಲನ್ನು ಮಡಚಿ, ಮಾತಾಡಿದ್ದ ದುಡ್ಡನ್ನು ಪೂರ್ತಿ ಇಟ್ಟು ಹೋದಳು. ನಾನು ಸಂಜೆ ಹೋದಾಗ ನೀಲವ್ವ ಕತ್ತಲಲ್ಲಿ ಸುಮ್ಮನೆ ಕೂತಿದ್ದಳು. ದೀಪ ಹಚ್ಚಲು ಹೋದರೆ ಬೇಡ ಅಂದಳು, ಧ್ವನಿಯಲ್ಲಿ ಅಳು ಇತ್ತು. ಅವ್ವ ಹೋದ ದಿನವೂ ನನ್ನೆದುರಿಗೆ ಅತ್ತವಳಲ್ಲ ಅವಳು. ಅವಳನ್ನು ಸಹಿ ಹಾಕೆಂದು ಬೇಡಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ಆ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮುಂದಿನ ತಿಂಗಳ ಮೊದಲನೆಯ ದಿನ ಅವಳು ನನ್ನನ್ನು ಹಗಲು ಕಚೇರಿಗೆ ಕರೆಸಿದಳು. ಮುಂದೆ ಒಂಬತ್ತು ಖಾಲಿ ಚೀಟಿಗಳಿದ್ದವು. ಚೀಟಿಯಲ್ಲಿ ಮೂರು ಸಾಲು: ಶಾಸಕರ ಹೆಸರು, ಎಷ್ಟು ಹೊತ್ತು, ಯಾವ ವೇಳೆಯಿಂದ. ಮೂರನೆಯ ಸಾಲಿನಲ್ಲಿ 'ಸಂಜೆ' ಎಂದು ಬರೆಯುವುದು ರೂಢಿ. ಯಾಕೆಂದು ಯಾರೂ ಕೇಳಿದವರಿಲ್ಲ. ಅವಳು ನನ್ನ ಕೈಗೆ ಮಧ್ಯಂತರ ಆದೇಶದ ನಕಲು ಕೊಟ್ಟು, ಯಾವ ವೇಳೆಯದು ಕೊಡಬೇಕೆಂದು ಇದರಲ್ಲಿ ಎಲ್ಲಿಯಾದರೂ ಬರೆದಿದೆಯೇ ನೋಡು ಎಂದಳು. ಆ ಆದೇಶ ನನ್ನ ಕೈಬರಹದ್ದೇ. ಆದರೂ ಮೂರು ಸಲ ಓದಿದೆ. ಎಲ್ಲಿಯೂ ಇರಲಿಲ್ಲ. ನೀಲವ್ವ ಪೆನ್ನು ತೆಗೆದುಕೊಂಡು ಒಂಬತ್ತು ಚೀಟಿಯ ಮೇಲೂ 'ನಡುಹಗಲು' ಎಂದು ದುಂಡಗೆ ಬರೆದು, ಮಸಿ ಆರಲೆಂದು ಬಾಯಿಂದ ಊದಿ, ಜವಾನನ ಕೈಗಿಟ್ಟಳು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಊರಿನ ಮೇಲೆ ಕತ್ತಲು ಇಳಿಯಿತು. ಕೋಳಿಗಳು ಗೂಡು ಸೇರಿದವು, ಮಾರ್ಕೆಟ್ಟಿನಲ್ಲಿ ತಕ್ಕಡಿ ಹಿಡಿದವನು ತಕ್ಕಡಿ ಹಿಡಿದೇ ನಿಂತ. ಎರಡಕ್ಕೆ ಮತ್ತೆ ಬೆಳಕಾಯಿತು. ಬೆಳಕು ಆರೂವರೆಯವರೆಗೂ ಹೋಗಲಿಲ್ಲ. ಸಂಜೆಯನ್ನು ಅಷ್ಟು ಉದ್ದಕ್ಕೆ ಕಂಡು ನಮ್ಮ ಜನ ಏನು ಮಾಡಬೇಕೆಂದೇ ತೋಚದೆ ಬೀದಿಯಲ್ಲಿ ಸುಮ್ಮನೆ ಅಡ್ಡಾಡಿದರು. ಬಿರುಬೇಸಿಗೆ ಬೇರೆ. ಉರಿಯುವ ಮೂರು ತಾಸನ್ನು ಯಾರೋ ಎತ್ತಿಕೊಂಡು ಹೋದದ್ದು ಊರಿಗೆ ಹಿತವೇ ಆಯಿತು. ಒಂದು ವಾರದೊಳಗೆ ಹನ್ನೊಂದಕ್ಕೆ ಊಟ ಮಾಡಿ ಎರಡರವರೆಗೆ ಮಲಗುವುದು ಪುರಾತನ ಕಾಲದ ಪದ್ಧತಿಯೇನೋ ಎಂಬಷ್ಟು ಸಲೀಸಾಯಿತು.

ಸಂಬಳವಾಗಲಿ ಭತ್ಯೆಯಾಗಲಿ ಬಟವಾಡೆ ಆಗುವುದು ಊರಿನ ಹಗಲು ಮುಗಿದ ಮೇಲೆ. ಹಾಗಾಗಿ ಆರೂವರೆಗೆ ಊರು ಕತ್ತಲಾದ ಕೂಡಲೇ ಶಾಸಕರ ಸಾಲಿನಲ್ಲಿ ನಡುಹಗಲು ಶುರುವಾಯಿತು. ಇಳಿಬಿಸಿಲಿಗೆಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದವರ ನೆತ್ತಿಯ ಮೇಲೆ ಸೂರ್ಯ ನೇರವಾಗಿ ಬಂದು ನಿಂತ. ನೆರಳೆಂಬುದು ಕಾಲ ಕೆಳಗಲ್ಲದೆ ಬೇರೆಲ್ಲೂ ಇರಲಿಲ್ಲ. ಒಂಬತ್ತೂವರೆಯವರೆಗೆ ಕಾದ ಗೋಡೆ ಬೆಳಗಿನ ಜಾವದವರೆಗೂ ಆರುತ್ತಿರಲಿಲ್ಲ. ಭಾವಮೈದುನನ ಬೆಂಚುಗಳ ಮೇಲೆ ಕೂತವರು ಒಂದೇ ದಿನಕ್ಕೆ ಎದ್ದು ಹೋದರು. ಶಾಸಕರು ಊರೊಳಗೆ ಬೇರೆ ಮನೆ ಹಿಡಿಯೋಣವೆಂದರೆ, ಸಾಲು ಬಿಟ್ಟರೆ ಭತ್ಯೆ ಬೇಡವೆಂದು ಒಪ್ಪಿಕೊಂಡಂತಾಗುತ್ತದೆ, ಪ್ರಕರಣಕ್ಕೆ ಪೆಟ್ಟು ಬೀಳುತ್ತದೆ ಎಂದು ತಿರುಮಲಾಚಾರ್ಯರು ಎಚ್ಚರಿಸಿದರು.

ನೀಲವ್ವನನ್ನು ಬೈದವರೂ ಇದ್ದರು, ಸುಳ್ಳು ಹೇಳಬಾರದು. ಹಪ್ಪಳದ ತಿಪ್ಪಮ್ಮ ಮನೆಯ ಮುಂದೆ ಬಂದು, ನಿನ್ನ ಎಳೆಗೆ ಸಂಜೆ ಬೇಕಾದರೆ ನನ್ನ ಹಪ್ಪಳಕ್ಕೆ ನಡುಹಗಲು ಬೇಡವೇನೆ ಎಂದು ಓಣಿಗೆಲ್ಲ ಕೇಳುವ ಹಾಗೆ ಜಗಳ ತೆಗೆದಳು. ನೀಲವ್ವ ಅವಳನ್ನು ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟು, ನಡುಹಗಲು ಎಲ್ಲಿಯೂ ಹೋಗಿಲ್ಲ, ಶಾಸಕರ ಸಾಲಿನಲ್ಲಿದೆ, ದಾರಿ ಸರಕಾರದ್ದು ಎಂದಳು. ಅಂದು ಸಂಜೆಯೇ ತಿಪ್ಪಮ್ಮ ವೀರಸಂಗಪ್ಪನವರ ಬಾಗಿಲ ಮುಂದೆ ಚಾಪೆ ಹಾಸಿ ನಾನೂರು ಹಪ್ಪಳ ಹರವಿದಳು. ಮರುದಿನ ಮೆಣಸಿನಕಾಯಿಯವರು ಬಂದರು. ಆಮೇಲೆ ಸಂಡಿಗೆ, ಶಾವಿಗೆ, ತೊಳೆದ ಗಾದಿ, ಹಾಸಿಗೆಯ ಹತ್ತಿ, ಕುಂಬಾರರ ಹಸಿ ಮಡಕೆ. ಶಾಸಕರು ಹೊರಗೆ ಕಾಲಿಡಬೇಕಾದರೆ ಹಪ್ಪಳ ದಾಟಿ, ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತಾ ಬರಬೇಕಾಗಿತ್ತು. ಮತ ಹಾಕುವವರನ್ನು ಗದರಿಸುವಂತೆಯೂ ಇರಲಿಲ್ಲ. ಒಬ್ಬ ಶಾಸಕರು ಕಾಗೆ ಓಡಿಸುತ್ತಿದ್ದುದನ್ನು ನಾನೇ ಕಂಡೆ.

ಕೋರ್ಟಿನಲ್ಲೂ ಗಾಳಿ ತಿರುಗಿತ್ತು. ಈಗ ಎರಡಕ್ಕೆ ಶುರುವಾದರೆ ಆರೂವರೆಯವರೆಗೆ ಬೆಳಕು. ತಿರುಮಲಾಚಾರ್ಯರು ಮೊದಲನೆಯ ದಿನ ನಾಲ್ಕೂವರೆ ತಾಸು ಮಾತಾಡಿದರು, ಎರಡನೆಯ ದಿನ ಮೂರು ತಾಸು, ಮೂರನೆಯ ದಿನ ತಾವು ಹಿಂದೆ ಹೇಳಿದ್ದನ್ನೇ ಹೇಳುತ್ತಿರುವುದು ಅವರಿಗೇ ತಿಳಿದು ಸಣ್ಣಗಾದರು. ನಾಲ್ಕನೆಯ ದಿನ ಒಂಬತ್ತು ಶಾಸಕರೂ ಖುದ್ದಾಗಿ ಬಂದು ಮುಂದಿನ ಬೆಂಚಿನಲ್ಲಿ ಕೂತರು. ವೀರಸಂಗಪ್ಪನವರ ಮೂಗಿನ ಚರ್ಮ ಸುಲಿದಿತ್ತು. ತಿರುಮಲಾಚಾರ್ಯರು ಎದ್ದು, ಭತ್ಯೆಯನ್ನು ಕೊಡುತ್ತಿರುವ ಬಗೆಯಲ್ಲಿ ಒಂದು ಚಿಕ್ಕ ತಿದ್ದುಪಡಿ ಆಗಬೇಕು, ಅದು ರೂಢಿಯಂತೆ ಸಂಜೆಯ ಹಗಲೇ ಆಗಿರಬೇಕೆಂದು ಘನ ನ್ಯಾಯಾಲಯ ಆದೇಶಿಸಬೇಕು ಎಂದು ವಿನಂತಿಸಿದರು. ನ್ಯಾಯಾಧೀಶರು ನೀಲವ್ವನತ್ತ ನೋಡಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ದಾವೆ ಹೂಡಿದ ಮೇಲೆ ಕೋರ್ಟಿನಲ್ಲಿ ಯಾರಾದರೂ ಅವಳನ್ನು ಮಾತಾಡಿಸಿದ್ದು ಅದೇ ಮೊದಲು.

"ನಂದೇನಿಲ್ರಿ," ಎಂದಳು. "ಎರಡನೇ ದಿವಸ ವಕೀಲ್ರು ಭತ್ಯೆ ಬಗ್ಗೆ ಏನೋ ಹೇಳಿದ್ರು. ಶಿರಸ್ತೇದಾರ್ರು ಬರಕೊಂಡಾರ. ಅದನ್ನ ಒಮ್ಮೆ ಓದಸ್ರಿ."

ಆ ಮಾತು ಯಾವ ಪುಟದಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ಜೊತೆ ಕಣ್ಣುಗಳು ನನ್ನ ಮೇಲಿದ್ದವು, ನನ್ನ ಹುದ್ದೆಯ ಕಡತ ಇನ್ನೂ ಅವರ ಮೇಜಿನ ಮೇಲಿತ್ತು. ಪುಟ ಸಿಗುತ್ತಿಲ್ಲ ಎಂದುಬಿಡಬಹುದಾಗಿತ್ತು, ಶಿರಸ್ತೇದಾರರ ಪುಟಗಳು ಬೇಕಾದಾಗ ಸಿಗದಿರುವುದು ಹೊಸದೇನೂ ಅಲ್ಲ. ನೀಲವ್ವ ನನ್ನತ್ತ ನೋಡಲೇ ಇಲ್ಲ. ನೋಡಿದ್ದರೆ ಬಹುಶಃ ಸುಳ್ಳು ಹೇಳುತ್ತಿದ್ದೆ. ನಾನು ಎದ್ದು ನಿಂತು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಓದಿದೆ:

"ಒಮ್ಮೆ ಕೊಟ್ಟ ಭತ್ಯೆಯ ಅಳತೆಯನ್ನಾಗಲಿ, ಅದನ್ನು ಕೊಟ್ಟ ಬಗೆಯನ್ನಾಗಲಿ, ಈ ಸಭೆಯ ಅವಧಿ ಮುಗಿಯುವವರೆಗೆ ಯಾವ ಅಧಿಕಾರಿಯೂ, ಸ್ವತಃ ಶಾಸನಸಭೆಯೂ, ಘನ ನ್ಯಾಯಾಲಯವೂ ಬದಲಿಸುವಂತಿಲ್ಲ. ಹಾಗೆ ಯಾರೂ ಮುಟ್ಟಲಾಗದ್ದು ಎಂಬ ಕಾರಣಕ್ಕಾಗಿಯೇ ಅದು ಸಂಬಳವಲ್ಲ, ಭತ್ಯೆ."

ಮುಂದೆ ಬರುವ ಅಧಿಕಾರಿಗಳು ಕೈಹಾಕದಿರಲಿ ಎಂದು ತಿರುಮಲಾಚಾರ್ಯರು ಅಂದು ಹಾಕಿದ್ದ ಬೀಗ ಅದು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಈ ವಾದವನ್ನು ಉಳಿಸಿಕೊಳ್ಳುತ್ತೀರೋ ಹಿಂದೆಗೆದುಕೊಳ್ಳುತ್ತೀರೋ ಎಂದು ಕೇಳಿದರು. ಉಳಿಸಿಕೊಂಡರೆ ನಡುಹಗಲು ನಡುಹಗಲಾಗಿಯೇ ಇರುತ್ತದೆ. ಹಿಂದೆಗೆದುಕೊಂಡರೆ ಅದು ಭತ್ಯೆ ಎನ್ನುವುದಕ್ಕೆ ಆಧಾರವೇ ಇಲ್ಲ, ಆಗ ಅದು ಸಂಬಳ, ಸಂಬಳಕ್ಕೆ ಒಂದು ತಾಸಿನ ಮಿತಿ. ವಕೀಲರು ಬೆವರು ಒರೆಸಿಕೊಳ್ಳುತ್ತಾ ಸಭಾಪತಿಗಳ ಕಿವಿಯಲ್ಲಿ ಏನೋ ಹೇಳಿದರು, ಹಿಂದೆಗೆದುಕೊಳ್ಳೋಣ ಎಂದೇ ಇರಬೇಕು. ವೀರಸಂಗಪ್ಪನವರು ಒಮ್ಮೆ ನೀಲವ್ವನನ್ನು ನೋಡಿದರು, ಒಮ್ಮೆ ಕಿಕ್ಕಿರಿದು ಕೂತ ಊರಿನ ಜನವನ್ನು ನೋಡಿದರು. ರಫು ಮಾಡುವ ಹೆಂಗಸಿನ ಮುಂದೆ ಶಾಸನಸಭೆ ಸೋತಿತೆಂದು ಈ ಜನ ಮನೆಗೆ ಹೋಗಿ ಮಾತಾಡುವುದು ಅವರ ಕಣ್ಣ ಮುಂದೆ ಬಂದಿರಬೇಕು. ಸುಲಿದ ಮೂಗನ್ನು ಎತ್ತಿ ಎದ್ದು ನಿಂತರು.

"ಸಭೆ ಕೊಟ್ಟ ಮಾತಿನಿಂದ ಹಿಂದ ಸರಿಯೂದಿಲ್ಲ," ಎಂದರು.

ಎರಡು ದಿನ ಬಿಟ್ಟು, ಸಂಜೆ ಐದೂಕಾಲಿನ ತಿಳಿಬೆಳಕಿನಲ್ಲಿ ನ್ಯಾಯಾಧೀಶರು ತೀರ್ಪು ಓದಿದರು. ಶಾಸನಸಭೆಯ ಎಲ್ಲ ವಾದಗಳನ್ನೂ ಒಪ್ಪಲಾಗಿದೆ. ಭತ್ಯೆ ಸಂಬಳವಲ್ಲ, ಸಂವಿಧಾನದ ಮಿತಿ ಅದಕ್ಕೆ ತಾಗುವುದಿಲ್ಲ, ಸಭೆಯ ಅವಧಿಯ ಉಳಿದ ಎರಡೂವರೆ ವರ್ಷ ಅದು ಈಗಿರುವ ಬಗೆಯಲ್ಲಿಯೇ ನಡೆಯತಕ್ಕದ್ದು. ಸಭೆಗೆ ಪೂರ್ಣ ಜಯ. ಒಂಬತ್ತು ಮಂದಿ ಹಾರ ಹಾಕಿಸಿಕೊಂಡು ಮೆರವಣಿಗೆಯಲ್ಲಿ ಹೊರಟರು, ಆರೂವರೆಗೆ ಸರಿಯಾಗಿ ತಮ್ಮ ಸಾಲು ತಲುಪಿದರು.

ತೀರ್ಪಿನ ಕೊನೆಗೆ ಒಂದು ಸಾಲು ಇತ್ತು. ಸೋತ ಪ್ರತಿವಾದಿ ಕೋರ್ಟಿನ ಖರ್ಚು ಭರಿಸಬೇಕು. ಅದಕ್ಕಾಗಿ ಅದೇ ಎರಡೂವರೆ ವರ್ಷ ಅವಳ ಮನೆಯ ಹಗಲಿನಿಂದ ದಿನಕ್ಕೆ ಅರ್ಧ ತಾಸು ಜಪ್ತಿ. ಆ ಚೀಟಿಗೂ ಹಗಲು ಕಚೇರಿಯ ಅಧಿಕಾರಿಯೇ ಸಹಿ ಹಾಕಬೇಕು, ಎಂದರೆ ಅವಳೇ. ನಾನು, ಅಕ್ಕಾ, ನಡುಹಗಲು ಅಂತ ಬರಿ ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಡುಹಗಲು ಊರಿನಲ್ಲಿ ಯಾರ ಮನೆಯಲ್ಲೂ ಉಳಿದಿರಲಿಲ್ಲ, ಅದನ್ನು ಅವಳೇ ಎತ್ತಿ ಕೊಟ್ಟಿದ್ದಳು. ಉಳಿದದ್ದೆಲ್ಲ ಒಳ್ಳೆಯ ಬೆಳಕೇ. ಅವಳು ಬಹಳ ಹೊತ್ತು ಚೀಟಿಯನ್ನು ನೋಡುತ್ತಾ ಕೂತು, ಕೊನೆಗೆ 'ಹೊತ್ತು ಮೂಡಿದ ಮೊದಲ ಅರ್ಧ ತಾಸು' ಎಂದು ಬರೆದಳು. ಅದು ಬಿಳಿಯ ಹೊತ್ತು, ಎಂದು ಹೇಳಿದಳು. ಹಾಲಿನ ಬಿಳಿ ಬೇರೆ, ಹತ್ತಿಯ ಬಿಳಿ ಬೇರೆ, ಒಗೆದು ಒಗೆದು ಹಳತಾದ ಬಿಳಿ ಬೇರೆ. ಬಿಸಿಲು ಬಲಿಯುವ ಮೊದಲಿನ ಆ ತಂಪು ಬೆಳಕಿನಲ್ಲಲ್ಲದೆ ಅವು ಬೇರೆ ಬೇರೆಯೆಂದು ಕಾಣುವುದೇ ಇಲ್ಲ. ಅವಳಿಗೆ ಬರುವ ಕೆಲಸದಲ್ಲಿ ಮೂರರಲ್ಲೊಂದು ಪಾಲು ಬಿಳಿಯದು. ಬಿಳಿ ಬಟ್ಟೆ ತರಬೇಡಿ ಎಂದು ಹೇಳಿಕಳಿಸಿ, ಬಿಳಿ ಎಳೆಗಳನ್ನೆಲ್ಲ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಆ ಕೆಲಸ ಮಾಡುವಾಗ ಅವಳ ಕೈ ನಿಧಾನವಾಗಿತ್ತು, ನನಗೆ ನೋಡಲಾಗಲಿಲ್ಲ.

ನನ್ನ ಹುದ್ದೆ ಮುಂದುವರಿಯಲಿಲ್ಲ. ಸಭೆಗೆ ಆ ವಿಷಯ ತೆಗೆದುಕೊಳ್ಳಲು ಸಮಯ ಸಿಗಲಿಲ್ಲವಂತೆ. ಈಗ ದಿನಾ ಮಧ್ಯಾಹ್ನ ಮೂರಕ್ಕೆ ಅಕ್ಕನ ಮನೆಗೆ ಹೋಗಿ, ಜಗಲಿಯ ಮೇಲೆ ಅವಳ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತೇನೆ. ಐವತ್ತು ದಾಟಿದವನು ಇದನ್ನು ಕಲಿಯುವುದು ಸುಲಭವಲ್ಲ, ಅಕ್ಕನ ಬಾಯಿಯಂತೂ ಸುಮ್ಮನಿರುವುದಿಲ್ಲ. ಆದರೆ ಬೆಳಕು ಚೆನ್ನಾಗಿರುತ್ತದೆ. ಆ ಮುದುಕಿಯ ಹಸಿರು ಶಾಲನ್ನು ಅವಳು ಹೋಗಿ ಕೇಳಿ ತಂದು, ಬಿಚ್ಚಿ, ಮತ್ತೆ ಮಾಡಿಕೊಟ್ಟಳು.

ಮೊನ್ನೆ ಆರು ಗಂಟೆಗೆ ವೀರಸಂಗಪ್ಪನವರು ಒಬ್ಬರೇ ನಡೆದುಕೊಂಡು ಬಂದರು. ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು, ಅಷ್ಟು ಕಪ್ಪಾಗಿದ್ದರು. ನಮ್ಮ ಶಾಸಕರು ಬಿಳಿಯಲ್ಲದೆ ಬೇರೆ ಉಡುವುದಿಲ್ಲ. ದಿನಕ್ಕೆ ಮೂರು ಸಲ ಬೆವರಿ, ಒಗೆದು, ಸುಡುಬಿಸಿಲಿನಲ್ಲಿ ಒಣಗಿ ಒಂಬತ್ತು ಮಂದಿಯ ಜುಬ್ಬಾಗಳೂ ಹಿಂಜಿಹೋಗಿವೆ ಎಂದು ಊರಿಗೆಲ್ಲ ಗೊತ್ತಿತ್ತು. ಅವರ ಕಂಕುಳಲ್ಲಿ ಒಂದು ಗಂಟಿತ್ತು. ಮೇಲೆ ಕೂರಿ ಎಂದು ನೀಲವ್ವ ಮರ್ಯಾದೆಯಿಂದಲೇ ಜಾಗ ಬಿಟ್ಟಳು. ಅವರು ಗಂಟು ಬಿಚ್ಚಿ ಜುಬ್ಬಾ ತೋರಿಸಿದರು. ಹೆಗಲಿನಿಂದ ಬೆನ್ನಿನವರೆಗೆ ಒಂದು ಗೇಣು ಹರಿದಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಿಂದ ಸವರಿ ನೋಡಿ, ನೀಟಾಗಿ ಮಡಚಿ ವಾಪಸು ಕೊಟ್ಟಳು.

"ಬಿಳೀ ಅರಿಬಿ ನಾ ಈಗ ಮಾಡೂದಿಲ್ರಿ," ಎಂದಳು. "ಬಿಳಿಗೆ ಮುಂಜಾನೀ ಬೆಳಕು ಬೇಕು. ನನ್ನ ಮನ್ಯಾಗ ಅದು ಇಲ್ಲ. ನೀವು ಗೆದ್ರೆಲ್ಲ, ಅದರ ಖರ್ಚಿಗೆ ಹೋತು."

ಬೀದಿಯಲ್ಲಿ ಜನ ತಂಪು ಹೊತ್ತಿನಲ್ಲಿ ತಿರುಗಾಡುತ್ತಿದ್ದರು, ಸಭಾಪತಿಗಳು ಅದನ್ನೇ ನೋಡುತ್ತಾ ಕೂತರು. ಎದ್ದು ಹೋಗುವ ಮನಸ್ಸು ಅವರಿಗೆ ಇದ್ದಂತೆ ಕಾಣಲಿಲ್ಲ.

"ನಾಳೆ ಸಭೆ ಐತಿ ಯವ್ವಾ," ಎಂದರು ಕೊನೆಗೆ, ಮೆಲ್ಲಗೆ. "ಹಿಂಗ ಹರಕೊಂಡು ಹ್ಯಾಂಗ ಹೋಗ್ಲಿ?"

ನೀಲವ್ವ ನಾನು ಆಗಷ್ಟೇ ದಾರ ಪೋಣಿಸಿದ್ದ ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವರ ಮುಂದೆ ಹಿಡಿದಳು.

"ಇನ್ನ ಅರ್ಧಾ ತಾಸಿಗೆ ನಿಮ್ಮ ಓಣ್ಯಾಗ ಬಿಸಲು ಬರ್ತದ್ರಿ. ಮೂರು ತಾಸು ಇರ್ತದ. ಕೂತು ಹೊಲಕೋರಿ."

ವೀರಸಂಗಪ್ಪನವರು ಕೈಚಾಚಿ ಸೂಜಿ ತೆಗೆದುಕೊಂಡರು. ಅದನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ.